ಬುಕ್ ಕಳೆದ ಫಿಯೆಟ್: ದುಡ್ಡು ಕೊಡುವ ಮುಂಚೆ ಲೆಡ್ಜರ್ ನೋಡಿ

(ತುಮಕೂರಿನಲ್ಲಿ ನೆಲೆಸಿರುವ ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಈ ಸಲ ಬಂದ ಪತ್ರಗಳಲ್ಲಿ ಹಳೆ ಕಾರುಗಳದ್ದೇ ಮಾತು.)

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ಒಂದು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಹಳೆ ಫಿಯೆಟ್ ನಿಂತಿದೆ. ನಂಬರ್ ‘ಎಂವೈ’ ಅಂತ ಶುರುವಾಗುತ್ತದೆ. ಮಾಲೀಕರು ತೀರಿಕೊಂಡಿದ್ದಾರೆ. ಮಗ 1,20,000 ರೂಪಾಯಿಗೆ ಕೊಡುತ್ತೇನೆ ಅನ್ನುತ್ತಾರೆ. ಆದರೆ ಆರ್‌ಸಿ ಬುಕ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಒಂದು ಚೀಟಿಯೂ ಇಲ್ಲ. ‘ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡುತ್ತೇನೆ, ಅಷ್ಟೇ ಸಾಕು’ ಅನ್ನುತ್ತಾರೆ. ತಗೊಳ್ಳಬಹುದಾ?
— ಓದುಗರು, ಚಿಂತಾಮಣಿ

ಉತ್ತರ: ಈಗಲೇ ದುಡ್ಡು ಕೊಡಬೇಡಿ. ಹಾಗಂತ ಕಾರನ್ನೂ ಕೈಬಿಡಬೇಡಿ. ಆರ್‌ಸಿ ಬುಕ್ ಕಳೆದುಹೋಗಿದೆ ಅನ್ನುವುದು ಬೇರೆ, ಗಾಡಿಗೆ ದಾಖಲೆಯೇ ಇಲ್ಲ ಅನ್ನುವುದು ಬೇರೆ. ನಿಮ್ಮದು ಇವೆರಡರಲ್ಲಿ ಯಾವುದು ಅಂತ ತಿಳಿಯುವವರೆಗೆ ಆ ಕಾರಿಗೆ ಬೆಲೆ ಕಟ್ಟಲು ಆಗುವುದಿಲ್ಲ.

ಸ್ಟಾಂಪ್ ಪೇಪರ್ ವಿಷಯ ಮೊದಲು ಮುಗಿಸಿಬಿಡೋಣ. ಮಗ ನಿಮಗೆ ಮಾರಿದರು ಅನ್ನುವುದಕ್ಕೆ ಅದು ಸಾಕ್ಷಿ ಆಗಬಹುದು. ಗಾಡಿ ಅವರ ತಂದೆಯದ್ದು ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಪಹಣಿ ನೋಡದೆ ಯಾರಾದರೂ ಹೊಲ ಕೊಳ್ಳುತ್ತಾರಾ? ಕಾರಿಗೆ ಪಹಣಿ ಅಂದರೆ ಬಿ ಎಕ್ಸ್‌ಟ್ರಾಕ್ಟ್. ಆರ್‌ಟಿಒ ಕಚೇರಿಯ ನೋಂದಣಿ ಪುಸ್ತಕದಲ್ಲಿ ಆ ವಾಹನದ ಬಗ್ಗೆ ಏನು ಬರೆದಿದೆಯೋ ಅದರ ದೃಢೀಕರಿಸಿದ ಪ್ರತಿ ಅದು. ಮಾಲೀಕರು ಯಾರು, ಚಾಸಿ ನಂಬರ್ (ಗಾಡಿಯ ಮೈಮೇಲೆ ಪಂಚ್ ಮಾಡಿದ ಗುರುತಿನ ನಂಬರ್) ಏನು, ಇಂಜಿನ್ ನಂಬರ್ ಏನು, ಯಾವ ವರ್ಷದ ತಯಾರಿ, ಯಾವ ಬಣ್ಣ, ಸಾಲ ಬಾಕಿ ಇದೆಯಾ, ಎಲ್ಲ ಅದರಲ್ಲಿ ಇರುತ್ತದೆ. ಮನೆಯಲ್ಲಿದ್ದ ಬುಕ್ ಗೆದ್ದಲು ತಿಂದಿರಬಹುದು. ಕಚೇರಿಯ ಪುಸ್ತಕದಲ್ಲಿ ಆ ಪುಟ ಇದ್ದರೆ ನಿಮ್ಮ ಕಾರು ಬದುಕಿದೆ ಅಂತಲೇ ಅರ್ಥ.

ಇಲ್ಲಿ ಒಂದು ವಿಷಯ ಗಮನಿಸಿ. ಹಳೆ ಲೆಡ್ಜರ್‌ಗಳು, ಅಂದರೆ ಕಚೇರಿಯ ಈ ನೋಂದಣಿ ಪುಸ್ತಕಗಳು, ಇರುವುದು ನೋಂದಣಿ ನಂಬರಿನ ಕ್ರಮದಲ್ಲಿ, ಚಾಸಿ ನಂಬರಿನ ಕ್ರಮದಲ್ಲಿ ಅಲ್ಲ. ಹಾಗಾಗಿ ‘ಎಂವೈ’ ನಂಬರ್ ಪೂರ್ತಿಯಾಗಿ, ತಪ್ಪಿಲ್ಲದೆ ಬೇಕು. ಒಂದು ಅಂಕಿ ಅಳಿಸಿಹೋಗಿದ್ದರೂ ಹುಡುಕುವುದು ಬಹಳ ಕಷ್ಟ. ನಂಬರ್ ಪ್ಲೇಟ್ ಬಿಚ್ಚಿ ಹಿಂಭಾಗ ನೋಡಿ. ಹೊಸ ಪೇಂಟಿನ ಕೆಳಗೆ ಹಳೆ ನಂಬರ್ ಇದೆಯಾ ಅಂತ ಉಜ್ಜಿ ನೋಡಿ. ಮನೆಯವರ ಹತ್ತಿರ ಹಳೆ ಫೋಟೋ ಆಲ್ಬಂ ಕೇಳಿ. ಆ ಕಾಲದಲ್ಲಿ ಮದುವೆ, ನಾಮಕರಣ ಅಂದರೆ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮನೆ ಕಡಿಮೆ. ಬೀರುವಿನ ಕೆಳಗಿನ ಡ್ರಾಯರಿನಲ್ಲಿ ಹಳೆ ಟ್ಯಾಕ್ಸ್ ಕಾರ್ಡ್, ಇನ್ಶೂರೆನ್ಸ್ ಚೀಟಿ, ಗ್ಯಾರೇಜ್ ಬಿಲ್ ಏನಾದರೂ ಸಿಕ್ಕಿದರೂ ಸಾಕು. ಬುಕ್ ಹುಡುಕುವವರು ಇವುಗಳನ್ನು ಪಕ್ಕಕ್ಕೆ ಎಸೆದುಬಿಡುತ್ತಾರೆ. ನಂಬರ್ ಇರುವುದು ಅವುಗಳಲ್ಲೇ.

‘ಎಂವೈ’ ಅಂದರೆ ಮೈಸೂರು ರಾಜ್ಯದ ಕಾಲದ ನಂಬರ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ‘ಕೆಎ’ ನಂಬರ್ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ. ನೀವು ಚಿಕ್ಕಬಳ್ಳಾಪುರದ ಕೆಎ 40 ಕಚೇರಿಗೋ ಚಿಂತಾಮಣಿಯ ಕೆಎ 67 ಕಚೇರಿಗೋ ಹೋಗಿ ಕೇಳಿದರೆ ‘ನಮ್ಮಲ್ಲಿ ಇಲ್ಲ’ ಅನ್ನಬಹುದು. ಅದು ಸಹಜ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೇ 2007ರಲ್ಲಿ, ಅದಕ್ಕೂ ಮುಂಚೆ ನೀವೆಲ್ಲ ಕೋಲಾರದವರು. ಮೊದಲು ಕೋಲಾರದ ಕಚೇರಿಯಲ್ಲಿ ವಿಚಾರಿಸಿ. ಆ ಸರಣಿ ಬೆಂಗಳೂರಿನಲ್ಲಿ ಕೊಟ್ಟದ್ದಾದರೆ ಅಲ್ಲಿಗೆ ಹೋಗಬೇಕಾಗುತ್ತದೆ. ಅರ್ಜಿಯನ್ನು ಮಗನ ಕೈಯಿಂದಲೇ ಹಾಕಿಸಿ. ‘ಸಿಕ್ಕಲಿಲ್ಲ’ ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಹಿಂಬರಹ ಕೇಳಿ. ಬರವಣಿಗೆಯಲ್ಲಿ ಉತ್ತರ ಕೊಡಬೇಕು ಅಂದಾಗ ಎಷ್ಟೋ ಸಲ ಲೆಡ್ಜರ್ ಸಿಕ್ಕಿಬಿಡುತ್ತದೆ.

ಮೊಬೈಲಿನಲ್ಲಿ ಎಂ-ಪರಿವಾಹನ್ ಅನ್ನುವ ಸರ್ಕಾರಿ ಆ್ಯಪ್ ತೆರೆದು ನಂಬರ್ ಹಾಕಿದರೆ ಏನೂ ಬರಲಿಲ್ಲ ಅಂತ ಹಲವರು ಗಾಬರಿಯಾಗುತ್ತಾರೆ. ಇಷ್ಟು ಹಳೆಯ ಗಾಡಿ ಕಂಪ್ಯೂಟರಿಗೆ ಏರಿಲ್ಲದಿರಬಹುದು. ಲೆಡ್ಜರಿನಲ್ಲಿ ಇದ್ದರೆ ‘ಬ್ಯಾಕ್‌ಲಾಗ್ ಎಂಟ್ರಿ’ ಮಾಡಿ ಸೇರಿಸುತ್ತಾರೆ.

ಇನ್ನು ಕಾರಿನ ಹತ್ತಿರ ಹೋಗಿ. ಬೆಳಗಿನ ಹೊತ್ತು ಹೋಗಿ, ಶೆಡ್ಡಿನ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಬಾನೆಟ್ ಎತ್ತಿ. ಇಂಜಿನ್ನಿನ ಹಿಂದೆ, ಡ್ಯಾಶ್‌ಬೋರ್ಡಿಗೂ ಇಂಜಿನ್ನಿಗೂ ನಡುವೆ ಒಂದು ತಗಡಿನ ಗೋಡೆ ಇರುತ್ತದೆ. ಚಾಸಿ ನಂಬರಿನ ಪ್ಲೇಟನ್ನೂ ಪಂಚ್ ಮಾಡಿದ ಚಾಸಿ ನಂಬರನ್ನೂ ಆ ಭಾಗದಲ್ಲಿ ಹುಡುಕಿ. ಹತ್ತಿಬಟ್ಟೆಗೆ ಸೀಮೆಎಣ್ಣೆ ಹಾಕಿ ನಿಧಾನವಾಗಿ ಒರೆಸಿ. ಮರಳು ಕಾಗದ, ವೈರ್ ಬ್ರಷ್ ಹತ್ತಿರ ಸುಳಿಯಬಾರದು. ಒರೆಸಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡವಾಗಿ ಹಿಡಿದು ಉಜ್ಜಿ. ಅಂಕಿಗಳು ಬಿಳಿಯಾಗಿ ಎದ್ದು ಬರುತ್ತವೆ. ಇದೇ ಪೆನ್ಸಿಲ್ ಪ್ರಿಂಟ್. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕಣ್ಣಿಗಿಂತ ಜಾಸ್ತಿ ಇದನ್ನೇ ನಂಬುತ್ತಿದ್ದೆ. ಕಣ್ಣಿಗೆ 3 ಅನ್ನಿಸಿದ್ದು ಕಾಗದದ ಮೇಲೆ 8 ಆಗಿ ಬರುತ್ತದೆ. ಅಂಕಿಗಳು ಒಂದೇ ಆಳಕ್ಕೆ, ಒಂದೇ ಸಾಲಿನಲ್ಲಿ ಇವೆಯಾ ನೋಡಿ. ಒಂದು ಅಂಕಿಯ ಪಕ್ಕ ಇನ್ನೊಂದರ ನೆರಳು ಕಂಡರೆ, ಸುತ್ತಲಿನ ತಗಡು ಗ್ರೈಂಡರ್ ಆಡಿಸಿದಂತೆ ನುಣುಪಾಗಿದ್ದರೆ, ಪ್ಲೇಟಿನ ರಿವೆಟ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ತುಕ್ಕು ತಿಂದು ಅಂಕಿ ಹೋಗಿದ್ದರೆ ಅದು ಬೇರೆ ಮಾತು. ಅದಕ್ಕೆ ಕಚೇರಿಯ ಒಪ್ಪಿಗೆ ಪಡೆದು ರೀಪಂಚ್ ಮಾಡಿಸುವ ದಾರಿ ಇದೆ. ನೀವಾಗಿ ನೀವೇ ಮೆಕ್ಯಾನಿಕ್ ಕೈಲಿ ಪಂಚ್ ಹೊಡೆಸಿದರೆ ಒಳ್ಳೆ ಗಾಡಿಯೂ ಕಳ್ಳ ಗಾಡಿಯಂತೆ ಕಾಣುತ್ತದೆ.

ಈಗಿನ ಕಾರುಗಳಲ್ಲಿ ಇರುವಂಥ ಹದಿನೇಳು ಅಕ್ಷರದ ಚಾಸಿ ನಂಬರ್ ಹುಡುಕಬೇಡಿ. ಅದೆಲ್ಲ ಆಮೇಲೆ ಬಂದದ್ದು.

ಕಾರಿನ ಮೈಯೂ ಸಾಕ್ಷಿ ಹೇಳುತ್ತದೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅನ್ನುವ ಮಾದರಿ ಬಂತು. ಅದಕ್ಕೂ ಮುಂಚಿನ ಫಿಯೆಟ್‌ಗಳಲ್ಲಿ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತದೆ, ಅಂದರೆ ಕೀಲು ಹಿಂದಿನ ಕಡೆ ಇರುತ್ತದೆ. ಇದೇ ಫಿಯೆಟ್‌ಗೆ ಪದ್ಮಿನಿ ಅನ್ನುವ ಹೆಸರು 1974ರ ನಂತರದ್ದು. ಬಿ ಎಕ್ಸ್‌ಟ್ರಾಕ್ಟಿನಲ್ಲಿ 1968 ಅಂತಿದ್ದು, ಬಾಗಿಲು ಉಲ್ಟಾ ತೆರೆಯುತ್ತಿದ್ದರೆ ಒಂದು ಗಾಡಿಯ ಪುಟ, ಇನ್ನೊಂದು ಗಾಡಿಯ ಮೈ ಅಂತ ಅನುಮಾನ ಪಡಲೇಬೇಕು. ಗ್ರಿಲ್, ಬಂಪರ್ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅವನ್ನು ಎಲ್ಲರೂ ಬದಲಾಯಿಸುತ್ತಿದ್ದರು.

ಪುಟವೂ ಲೋಹವೂ ತಾಳೆಯಾದರೆ ಮುಂದಿನ ಕೆಲಸ ಮಗನದ್ದು. ಬುಕ್ ಕಳೆದಿದೆ ಅಂತ ಪೊಲೀಸರಲ್ಲಿ ದೂರು ಕೊಟ್ಟು ಸ್ವೀಕೃತಿ ತರಬೇಕು. ನಕಲು ಆರ್‌ಸಿಗೆ ಫಾರಂ 26. ತಂದೆಯ ಹೆಸರಿನಿಂದ ಮಗನ ಹೆಸರಿಗೆ ಬರಲು ಫಾರಂ 31, ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ. ಅಕ್ಕ ತಂಗಿಯರು, ತಾಯಿ ಇದ್ದರೆ ಅವರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಇದನ್ನು ಮಾತ್ರ ಸಡಿಲ ಬಿಡಬೇಡಿ. ಕಾರು ಶೆಡ್ಡಿನಲ್ಲಿ ಕೊಳೆಯುವಾಗ ಯಾರಿಗೂ ಬೇಡ. ನೀವು ಪೇಂಟ್ ಮಾಡಿಸಿ ಹೊರಗೆ ತಂದ ದಿನ ‘ಅದು ನಮ್ಮಪ್ಪನ ಕಾರು’ ಅಂತ ಒಬ್ಬರು ಬರುತ್ತಾರೆ. ಅವರದ್ದೂ ತಪ್ಪಲ್ಲ.

ಆಮೇಲೆ ಫಾರಂ 25ರಲ್ಲಿ ನೋಂದಣಿಯ ನವೀಕರಣ, ಕೊನೆಗೆ ಫಾರಂ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ಖರ್ಚಿನ ಬಗ್ಗೆ ಎಚ್ಚರ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿದ್ದಾರೆ. ತಡ ಮಾಡಿದ್ದಕ್ಕೆ ದಂಡ, ಟ್ಯಾಕ್ಸ್ ಬಾಕಿ ಬೇರೆ. ಒಟ್ಟು ಎಷ್ಟಾಗುತ್ತದೆ ಅಂತ ಕಚೇರಿಯಲ್ಲಿ ಬರೆಸಿಕೊಂಡು ಬನ್ನಿ, ಆಮೇಲೆ ಬೆಲೆ ಮಾತಾಡಿ. ಅಲ್ಲಿಯವರೆಗೆ ಸಣ್ಣ ಮುಂಗಡ ಸಾಕು. ‘ಆರ್‌ಸಿ ಮಗನ ಹೆಸರಿಗೆ ಬಂದರೆ ಉಳಿದ ಹಣ, ಬರದಿದ್ದರೆ ಮುಂಗಡ ವಾಪಸ್’ ಅಂತ ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿ. ಕಾರನ್ನು ಓಡಿಸಿಕೊಂಡು ಬರಬೇಡಿ, ಲಾರಿ ಮೇಲೆ ತನ್ನಿ.

ಲೆಡ್ಜರಿನಲ್ಲಿ ಪುಟವೇ ಇಲ್ಲ ಅಂತ ಹಿಂಬರಹ ಬಂದರೆ? ಆಗ ರಸ್ತೆಗೆ ಇಳಿಯುತ್ತದೆ ಅಂತ ನಂಬಿ ಆ ಕಾರನ್ನು ಖರೀದಿಸಬೇಡಿ. ಬಿಡಿಭಾಗಕ್ಕೆ, ಅಂಗಳದಲ್ಲಿ ನಿಲ್ಲಿಸುವುದಕ್ಕೆ ಏನು ಬೆಲೆಯೋ ಅಷ್ಟೇ. ಅದೂ ಕದ್ದ ಮಾಲಲ್ಲ ಅಂತ ಖಾತ್ರಿಯಾದ ಮೇಲೆ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವಾಹನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸೇವೆಯಲ್ಲಿ ಚಾಸಿ, ಇಂಜಿನ್ ನಂಬರ್ ಹಾಕಿ ನೋಡಿ. ಅಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಗಾಡಿ ಶುದ್ಧ ಅಂತಲ್ಲ, ಹಳೆ ಕಳವಿನ ದೂರುಗಳು ಅದರಲ್ಲಿ ಇಲ್ಲದಿರಬಹುದು.

ಪ್ರಶ್ನೆ: ನನ್ನ ಹತ್ತಿರ ದಾಖಲೆ ಇಲ್ಲದ ಪದ್ಮಿನಿ ಇದೆ. ಒಬ್ಬ ಏಜೆಂಟ್ ‘ಗುಜರಿಗೆ ಹೋದ ಪದ್ಮಿನಿಯ ಬುಕ್ ಇದೆ, ಚಾಸಿ ನಂಬರ್ ಹೊಂದಿಸಿಕೊಡುತ್ತೇನೆ’ ಅನ್ನುತ್ತಾನೆ.
— ಓದುಗರು, ಗೌರಿಬಿದನೂರು

ಉತ್ತರ: ಬೇಡ. ಯಾವ ಬೆಲೆಗೂ ಬೇಡ. ಅವನು ಹೇಳುತ್ತಿರುವುದು ಅಪರಾಧ, ಮಾಡಿಸಿಕೊಂಡರೆ ನೀವೂ ಅದರಲ್ಲಿ ಪಾಲುದಾರರು. ನಿಮ್ಮ ಪದ್ಮಿನಿ ಮೂಲದಲ್ಲಿ ಕಳವಿನದ್ದಾಗಿದ್ದು, ಅದು ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು. ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಚಾಸಿ ನಂಬರ್. ಪೆಟ್ಟಾದವರಿಗೆ ಪರಿಹಾರ ಸಿಗದೆ ಹೋಗುವುದನ್ನು ಯೋಚಿಸಿ. ನನಗೆ ಈ ದಂಧೆಯ ಮೇಲೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೂ ಹೌದು. ಒಂದು ಸುಳ್ಳು ಬುಕ್ ಹೊರಬಿದ್ದರೆ ಆಮೇಲೆ ಬರುವ ಹತ್ತು ಪ್ರಾಮಾಣಿಕ ಹಳೆ ಕಾರುಗಳನ್ನೂ ಇನ್ಸ್‌ಪೆಕ್ಟರ್ ಅನುಮಾನದಿಂದಲೇ ನೋಡುತ್ತಾರೆ.

ಪ್ರಶ್ನೆ: ನಮ್ಮ ತಾತ ಗಣಿಯಲ್ಲಿ ಕೆಲಸದಲ್ಲಿದ್ದಾಗ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಕೊಂಡ ಆಸ್ಟಿನ್ ಕಾರು ಮನೆಯಲ್ಲಿದೆ. ಯಾವ ಕಾಗದವೂ ಇಲ್ಲ. ‘ವಿಂಟೇಜ್’ ಅಂತ ಹೊಸದಾಗಿ ನೋಂದಣಿ ಮಾಡಿಸಿದರೆ ಹಳೆ ಕಾಗದ ಬೇಡವಂತೆ, ನಿಜವಾ?
— ಓದುಗರು, ಕೆಜಿಎಫ್

ಉತ್ತರ: ನಿಜವಲ್ಲ. ಈ ಮಾತು ಎಲ್ಲ ಕಡೆ ಓಡಾಡುತ್ತಿದೆ, ಯಾರೂ ನಿಯಮ ಓದಿ ಹೇಳುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎ ಮತ್ತು ಅದರ ಮುಂದಿನ ನಿಯಮಗಳನ್ನು ಸೇರಿಸಿದರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗದ ವಾಹನ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಅಂತ ಬರುತ್ತದೆ. ಆದರೆ ಅರ್ಜಿಯ ಜೊತೆ ಏನು ಕೊಡಬೇಕು ಅಂತಲೂ ಅಲ್ಲೇ ಇದೆ. ಇಲ್ಲಿ ಮೊದಲೇ ನೋಂದಣಿಯಾಗಿದ್ದರೆ ಹಳೆ ಆರ್‌ಸಿ, ಹೊರದೇಶದಿಂದ ತಂದದ್ದಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಕಾಗದ. ಅಂದರೆ ಸುತ್ತಿ ಬಂದರೂ ನೀವು ಅದೇ ಲೆಡ್ಜರಿನ ಮುಂದೆ ನಿಲ್ಲಬೇಕು.

ನಿಮ್ಮದು ಕೆಜಿಎಫ್‌ನ ಈಗಿನ ಕೆಎ 08 ಕಚೇರಿಗಿಂತ ಬಹಳ ಹಳೆಯ ಕಾರು. ಹಾಗಾಗಿ ಕೋಲಾರ, ಬೆಂಗಳೂರಿನಲ್ಲಿ ಹುಡುಕಿ. ಆ ಅಧಿಕಾರಿ ಮದ್ರಾಸಿನಿಂದ ಕಾರು ತಂದಿರುವ ಸಾಧ್ಯತೆಯೂ ಇದೆ. ತಾತನ ಪೆಟ್ಟಿಗೆಯಲ್ಲಿ ಕೊಂಡ ರಸೀದಿ, ಪೆಟ್ರೋಲ್ ಪುಸ್ತಕ ಏನಿದೆ ಅಂತ ಒಂದೊಂದಾಗಿ ತೆಗೆದು ನೋಡಿ. ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಮನೆಗಳಿಂದ ಎಷ್ಟೋ ಒಳ್ಳೆಯ ವಸ್ತು ತೂಕದ ಲೆಕ್ಕದಲ್ಲಿ ಹೋಗಿವೆ. ಈ ಕಾರು ಹಾಗೆ ಹೋಗುವುದು ಬೇಡ. ದಾಖಲೆ ಸಿಗದಿದ್ದರೂ ಮನೆಯಲ್ಲಿ ಇಟ್ಟುಕೊಳ್ಳಿ, ಮಾರಬೇಡಿ. ವಿಂಟೇಜ್ ನೋಂದಣಿ ಸಿಕ್ಕಿದರೂ ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ.

ಪ್ರಶ್ನೆ: ಅಂಬಾಸಿಡರ್ ನೋಡಿದ್ದೇನೆ. ಆರ್‌ಸಿ ಸರಿ ಇದೆ, ಪೆಟ್ರೋಲ್ ಅಂತ ಇದೆ. ಒಳಗೆ ಮ್ಯಾಟಡಾರ್ ವ್ಯಾನಿನ ಡೀಸೆಲ್ ಇಂಜಿನ್!
— ಓದುಗರು, ತಿಪಟೂರು

ಉತ್ತರ: ನಿಮ್ಮ ಕಡೆ ಕೊಬ್ಬರಿ ಮಂಡಿಗೆ ಓಡಾಡಿದ ಅಂಬಾಸಿಡರ್‌ಗಳಲ್ಲಿ ಇದು ಮಾಮೂಲು. ಡೀಸೆಲ್ ಅಗ್ಗ ಇತ್ತು, ಹಾಕಿಸಿಬಿಟ್ಟರು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆಗೆ ಕಚೇರಿಯ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಮಾರುವವರೇ ಅದನ್ನು ಸರಿಪಡಿಸಿಕೊಡಲಿ. ಇಲ್ಲವೇ ಮೂಲದ 1489 ಸಿಸಿ ಪೆಟ್ರೋಲ್ ಇಂಜಿನ್ ಅದೇ ನಂಬರಿನದ್ದು ಮೂಲೆಯಲ್ಲಿ ಬಿದ್ದಿದೆಯಾ ಕೇಳಿ. ಇದ್ದರೆ ಅದನ್ನೂ ಸೇರಿಸಿಯೇ ವ್ಯಾಪಾರ ಮಾಡಿ.

ಪ್ರಶ್ನೆ: ಹಿಂದೂಪುರದಲ್ಲಿ ‘ಎಪಿ’ ಅಂತ ಶುರುವಾಗುವ ಹಳೆ ನಂಬರಿನ ಜೀಪ್ ಇದೆ. ಬುಕ್ ಕಳೆದಿದೆ. ಇಲ್ಲೇ ತುಮಕೂರು ಜಿಲ್ಲೆಯಲ್ಲಿ ನಕಲು ಆರ್‌ಸಿ ಮಾಡಿಸಬಹುದಾ?
— ಓದುಗರು, ಪಾವಗಡ

ಉತ್ತರ: ಆಗುವುದಿಲ್ಲ. ನಿಮಗೆ ಹಿಂದೂಪುರ ಪಕ್ಕದ ಊರೇ ಇರಬಹುದು, ಕಾಗದಕ್ಕೆ ಅದು ಬೇರೆ ರಾಜ್ಯ. ನಕಲು ಆರ್‌ಸಿ, ನಂತರ ಫಾರಂ 28ರ ಎನ್‌ಒಸಿ, ಎರಡೂ ಅಲ್ಲಿನ ಕಚೇರಿಯಲ್ಲೇ ಆಗಬೇಕು. ಆಮೇಲಷ್ಟೇ ಮಧುಗಿರಿಯ ಕೆಎ 64ಕ್ಕೆ ಬನ್ನಿ. ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ನಂಬರ್ ಬದಲಾಗುತ್ತದೆ. ಹಿಂದೂಪುರ 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಹಾಗಾಗಿ ಹಳೆ ಪುಸ್ತಕವನ್ನು ಅನಂತಪುರದಲ್ಲೂ ಕೇಳಿ. ಜೀಪ್ ಮೊದಲು ಹೈದರಾಬಾದಿನಲ್ಲಿ ನೋಂದಣಿ ಆಗಿದ್ದರೆ ಆ ದಾಖಲೆ ಈಗ ತೆಲಂಗಾಣದ್ದು. ನಂಬರಿನ ಮೂರನೇ ಅಕ್ಷರ ತೋರಿಸಿ ವಿಚಾರಿಸಿದರೆ ಯಾವ ಕಚೇರಿಗೆ ಹೋಗಬೇಕು ಅಂತ ಅಲ್ಲಿನ ಹಳೆ ಗುಮಾಸ್ತರು ಹೇಳುತ್ತಾರೆ. ಮಾರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.