ಮಾಸ್ಕಿನ ಹಿಂದೆ ಒಬ್ಬ ಮಾಮ

ಕೊಪ್ಪಳದ ಓದುಗರೊಬ್ಬರ ಪತ್ರ: ಅಮೆರಿಕದ ಫೀನಿಕ್ಸ್‌ನಲ್ಲಿರುವ ಅವರ ಅಣ್ಣ, ಅಲ್ಲಿನ ‘ಹಾಲ್ ಆಫ್ ಫ್ಲೇಮ್’ ಎಂಬ ಅಗ್ನಿಶಾಮಕ ಮ್ಯೂಸಿಯಂ ಅನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದರಂತೆ. ಹಳೆಯ ಫೈರ್ ಎಂಜಿನ್‌ಗಳನ್ನು ಕಂಡು ಐದು ವರ್ಷದ ಮಗ ತಾನೂ ನೋಡಬೇಕೆಂದು ಹಠ ಹಿಡಿದಿದ್ದಾನೆ. ಮಗಳಿಗೆ ಮೂರು ವರ್ಷ. ‘ನಾವು ಎಲ್ಲಿಗೆ ಹೋಗೋದು? ಇಷ್ಟು ಸಣ್ಣವರಿಗೆ ಏನಾದರೂ ತಿಳಿಯುತ್ತಾ?’

ಸೋದರಿ, ಮ್ಯೂಸಿಯಂಗೆಂದು ದೂರ ಹೋಗಬೇಕಿಲ್ಲ. ನಿಮ್ಮೂರಿನ ಫೈರ್ ಸ್ಟೇಷನ್‌ಗೇ ಹೋಗಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಆಗ ಹೋದರೆ ಇನ್ನೂ ಒಳ್ಳೆಯದು.

14ನೇ ತಾರೀಖೇ ಯಾಕೆ ಅಂತ ನಿಮಗಾದರೂ ಗೊತ್ತಿರಲಿ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಬೇಲ್‌ಗಳು, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಹತ್ತಿಯ ಬೆಂಕಿ ಎಂಥದ್ದೆಂದು ರಾಯಚೂರು, ಬಳ್ಳಾರಿ ಕಡೆಯವರಿಗೆ ಹೇಳಬೇಕಿಲ್ಲ. ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ನೀರು ಹಾಯಿಸುತ್ತಿದ್ದಾಗಲೇ ಹಡಗು ಸಿಡಿಯಿತು. 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ. ಮಕ್ಕಳಿಗೆ ಈಗಲೇ ಇಷ್ಟೆಲ್ಲ ಬೇಡ. ‘ಬೆಂಕಿ ಆರಿಸೋಕೆ ಹೋದ ಮಾಮಂದಿರನ್ನು ನೆನೆಯುವ ದಿನ’ ಅಂದರೆ ಸಾಕು.

ಇಷ್ಟು ಸಣ್ಣವರು ಅಲ್ಲಿ ನೋಡಲೇಬೇಕಾದ್ದು ಗಾಡಿಯಲ್ಲ, ಮಾಸ್ಕ್. ಮನೆಗೆ ಬೆಂಕಿ ಬಿದ್ದಾಗ ಪುಟ್ಟ ಮಕ್ಕಳು ಹೊರಗೆ ಓಡುವ ಬದಲು ಮಂಚದ ಕೆಳಗೆ, ಬೀರುವಿನ ಸಂದಿಯಲ್ಲಿ ಅಡಗುತ್ತಾರೆ. ಹೊಗೆಯೊಳಗಿಂದ ಹೆಲ್ಮೆಟ್ಟು, ಮಾಸ್ಕು, ಬೆನ್ನಿಗೆ ಸಿಲಿಂಡರು ಹೊತ್ತವರು ಬಂದರೆ ಇನ್ನೂ ಒಳಗೆ ಸರಿಯುತ್ತಾರೆ. ನನ್ನ ಮೊಮ್ಮಗನಿಗೆ ನಾಲ್ಕು ವರ್ಷವಿದ್ದಾಗ ಕರೆದುಕೊಂಡು ಹೋಗಿದ್ದೆ. ಮಾಸ್ಕಿನ ‘ಸುಯ್ ಸುಯ್’ ಸದ್ದು ಕೇಳಿದ್ದೇ ನನ್ನ ಪಂಚೆ ಹಿಡಿದು ಹಿಂದೆ ಅವಿತ. ಆ ಸಿಬ್ಬಂದಿ ನೆಲದ ಮೇಲೆ ಕೂತರು. ಮೊದಲು ಹೆಲ್ಮೆಟ್ ತೆಗೆದರು, ಆಮೇಲೆ ಮಾಸ್ಕ್. ಬೆವರಿದ ಮುಖ, ಮೂಗಿನ ಮೇಲೆ ಮಾಸ್ಕ್ ಒತ್ತಿದ ಕೆಂಪು ಗೆರೆ. ಹುಡುಗ ಹತ್ತಿರ ಹೋಗಿ ಆ ಗೆರೆ ಮುಟ್ಟಿ, ‘ನೋವಾಗತ್ತಾ ಮಾಮಾ?’ ಅಂದ. ಇದೇ ರೀತಿ ತೋರಿಸಿ ಎಂದು ನೀವೂ ಕೇಳಿಕೊಳ್ಳಿ.

ಮುಂಚೆಯೇ ಹೋಗಿ ಅನುಮತಿ ಕೇಳಿ. ಅದಕ್ಕೆ 101, 112 ಒತ್ತಬೇಡಿ, ಅವು ಆಪತ್ತಿಗೆ ಇರುವ ನಂಬರ್‌ಗಳು. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ಬೆಳಿಗ್ಗೆಯೇ ಹೋಗಿ. ಬಣವೆಗಳಿಗೆ ಬೆಂಕಿ ಬೀಳುವ ಕಾಲವೂ ಅದೇ. ಮಧ್ಯೆ ಕರೆ ಬಂದರೆ ಗಾಡಿ ಹೊರಡುತ್ತದೆ, ಮಕ್ಕಳನ್ನು ತಕ್ಷಣ ಪಕ್ಕಕ್ಕೆ ಸರಿಸಿ. ಗೋಡೆಗೆ ತೂಗುಹಾಕಿದ ಕೆಂಪು ಬಕೆಟ್‌ಗಳ ತಳ ಗುಂಡಗಿದ್ದರೆ ಮಗನನ್ನೇ ಕೇಳಿ, ಯಾಕೆ ಹೀಗೆ ಅಂತ. ನೆಲದ ಮೇಲೆ ನಿಲ್ಲುವಂತಿದ್ದರೆ ಯಾರಾದರೂ ಬೇರೆ ಕೆಲಸಕ್ಕೆ ಒಯ್ಯುತ್ತಾರೆ, ಅಲ್ವಾ?

ಮನೆಗೆ ಬಂದ ಮೇಲೆ ಒಂದು ಆಟ ಆಡಿಸಿ. ಹಳೆಯ ಸೀರೆಯನ್ನು ನೀವೂ ನಿಮ್ಮ ಯಜಮಾನರೂ ಸೊಂಟದೆತ್ತರಕ್ಕೆ ಹಿಡಿಯಿರಿ. ಅದು ಹೊಗೆ. ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ಕೆಳಗಿರುತ್ತದೆ. ಮಕ್ಕಳು ಸೀರೆಗೆ ತಲೆ ತಾಗದಂತೆ ಅಂಬೆಗಾಲಿಟ್ಟು ಬಾಗಿಲವರೆಗೆ ಹೋಗಬೇಕು. ಮೂರರ ಮಗಳೇ ಗೆಲ್ಲುತ್ತಾಳೆ ನೋಡಿ.

ಸೈರನ್ ಮಾತ್ರ ಕೊನೆಗಿರಲಿ. ಮಗ ಬಿಡದೆ ಕೇಳಿದರೆ ಹೊರಡುವ ಹೊತ್ತಿಗೆ ಹಾಕಿಸಿ. ಆಗ ಮಗಳನ್ನು ಎತ್ತಿಕೊಂಡು, ಅವಳ ಕಿವಿ ಮುಚ್ಚಿ, ಗೇಟಿನಾಚೆ ನಿಂತಿರಿ.

— ಸಂಪಾದಕ, ಬಳ್ಳಾರಿ