‘ರೆಪ್ರೆಸೆಂಟ್’ ಎಂದರೆ ‘ಪ್ರತಿನಿಧಿಸು’ ಮಾತ್ರವೇ?

ಪ್ರಶ್ನೆ: ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ‘ರೆಪ್ರೆಸೆಂಟ್’ ಬಂದಲ್ಲೆಲ್ಲ ‘ಪ್ರತಿನಿಧಿಸು’ ಎಂದು ಬರೆದರೆ ಅರ್ಧಕ್ಕರ್ಧ ಕಡೆ ವಾಕ್ಯ ಕುಂಟುತ್ತದೆ. ಏಕೆ? ಆ ಪದದ ಮೂಲ ಯಾವುದು?

ಉತ್ತರ: ಎರಡೂ ಪದಗಳ ಬೇರು ಬೇರೆ ಬೇರೆ, ಅದಕ್ಕೇ ಕುಂಟುವುದು. ಇಂಗ್ಲಿಷ್ ಪದ ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಗೆ ಬಂದದ್ದು. ಮೂಲ ಲ್ಯಾಟಿನ್ನಿನ ‘ರೆಪ್ರೆಸೆಂಟಾರೆ’. ಎದುರಿಗಿಲ್ಲದ್ದನ್ನು ಎದುರಿಗೆ ತಂದು ನಿಲ್ಲಿಸು ಎಂಬುದು ಅದರ ಅರ್ಥ. ರೋಮನ್ನರು ಇದನ್ನು ಹಣದ ವ್ಯವಹಾರದಲ್ಲೂ ಬಳಸುತ್ತಿದ್ದರು: ಬಾಕಿ ಉಳಿಸದೆ ಆಗಿಂದಾಗಲೇ ನಗದು ಎಣಿಸುವುದಕ್ಕೆ ಇದೇ ಕ್ರಿಯಾಪದ. ಮುಂದೆಂದೋ ಬರಬೇಕಾದ ಹಣವನ್ನು ಈಗಲೇ ಕಣ್ಣೆದುರಿಗೆ ಇಡುವುದು ತಾನೆ! ಇಂಗ್ಲಿಷಿಗೆ ಬಂದ ಹೊಸದರಲ್ಲೂ ತೋರಿಸು, ಚಿತ್ರಿಸು, ಮನಸ್ಸಿಗೆ ತರು ಎಂಬ ಅರ್ಥಗಳೇ ಮುಂದಿದ್ದವು. ಇನ್ನೊಬ್ಬರ ಪರವಾಗಿ ನಿಲ್ಲುವ ಅರ್ಥ ಬಲಿತದ್ದು 16, 17ನೇ ಶತಮಾನಗಳಲ್ಲಿ. 1651ರಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಇದನ್ನು ವಿವರಿಸಲು ರಂಗಭೂಮಿಯತ್ತ ಕೈತೋರಿಸಿದ: ‘ಪರ್ಸನ್’ ಎಂಬ ಪದಕ್ಕೆ ಮೂಲವಾದ ‘ಪರ್ಸೋನಾ’ ನಟನ ಮುಖವಾಡ, ಆಡುವವನು ಒಬ್ಬ, ಮಾತಿನ ಒಡೆಯ ಇನ್ನೊಬ್ಬ.

‘ಪ್ರತಿನಿಧಿ’ಯ ದಾರಿ ಬೇರೆ. ಪ್ರತಿ, ನಿ, ಧಾ: ಒಂದರ ಬದಲಿಗೆ ಇನ್ನೊಂದನ್ನು ಇಡುವುದು. ವೇದದ ಯಾಗವಿಧಿಗಳನ್ನು ಚರ್ಚಿಸುವ ಮೀಮಾಂಸಾ ಶಾಸ್ತ್ರದಲ್ಲಿ ಇದು ಪಾರಿಭಾಷಿಕ ಪದ. ಯಾಗಕ್ಕೆ ಹೇಳಿದ ಭತ್ತ ಸಿಗದಿದ್ದರೆ ನೀವಾರ, ಅಂದರೆ ಕಾಡುಭತ್ತ, ಅದರ ಪ್ರತಿನಿಧಿ. ಸೋಮ ಎಂಬ ಸಸ್ಯ ಸಿಗದಿದ್ದರೆ ಪೂತೀಕ ಎಂಬ ಇನ್ನೊಂದು ಸಸ್ಯ. ಆದರೆ ದೇವತೆಗೆ ಪ್ರತಿನಿಧಿ ಇಲ್ಲ ಎಂದು ಶಾಸ್ತ್ರ ಗೆರೆ ಎಳೆಯುತ್ತದೆ. ಹಾಗಾಗಿ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲುವಲ್ಲಿ ಮಾತ್ರ ‘ಪ್ರತಿನಿಧಿಸು’ ಸಲೀಸಾಗಿ ಕೂರುತ್ತದೆ. ಚಿತ್ರವೊಂದು ಬೆಟ್ಟವನ್ನು ತೋರಿಸಿದರೆ ಅದು ಬೆಟ್ಟದ ಬದಲಿಗೆ ಬಂದು ಕೂತದ್ದಲ್ಲ.

ಪ್ರಶ್ನೆ: ಹಾಗಾದರೆ ಎಲ್ಲೆಲ್ಲಿ ಏನು ಬರೆಯಬೇಕು?

ಉತ್ತರ: ಮೊದಲು ‘ಪರವಾಗಿ’ ಎಂಬ ಪದ ಹಾಕಿ ನೋಡಿ. ‘ವಕೀಲರು ಕಕ್ಷಿದಾರರ ಪರವಾಗಿ ಹಾಜರಾದರು’ ಎನ್ನಬಹುದು. ಅಲ್ಲಿ ‘ಪ್ರತಿನಿಧಿಸಿದರು’ ಕೂಡ ಸರಿ. ‘ಪರವಾಗಿ’ ಹೊಂದದಿದ್ದರೆ ಬೇರೆ ಪದ ಹುಡುಕಬೇಕು. ನಕಾಶೆಯ ನೀಲಿ ಗೆರೆ ನದಿಯನ್ನು ‘ಸೂಚಿಸುತ್ತದೆ’. ಕಾದಂಬರಿ ಬಡತನವನ್ನು ‘ಚಿತ್ರಿಸುತ್ತದೆ’. ಪಾರಿವಾಳ ಶಾಂತಿಯ ‘ಸಂಕೇತ’.

ಅತಿ ಹೆಚ್ಚು ಎಡವುವುದು ಅಂಕಿಅಂಶದ ವಾಕ್ಯಗಳಲ್ಲಿ. ‘ಸಂಬಳದ ವೆಚ್ಚವು ಒಟ್ಟು ವೆಚ್ಚದ ಶೇ 12ರಷ್ಟನ್ನು ಪ್ರತಿನಿಧಿಸುತ್ತದೆ’ ಎಂದು ಬರೆಯುವವರಿದ್ದಾರೆ. ವೆಚ್ಚ ಯಾರ ಪರವಾಗಿ ಎಲ್ಲಿಗೆ ಹೋಯಿತು? ‘ಒಟ್ಟು ವೆಚ್ಚದಲ್ಲಿ ಸಂಬಳದ ಪಾಲು ಶೇ 12’ ಎಂದರೆ ಮುಗಿಯಿತು. ಇಲ್ಲಿ ಕ್ರಿಯಾಪದವೇ ಬೇಡ.

ಗಣಿತ ಮತ್ತು ಕಂಪ್ಯೂಟರ್ ಬರಹದಲ್ಲಿ ‘ನಿರೂಪಣೆ’ ಒಳ್ಳೆಯದು. 13 ಎಂಬ ಸಂಖ್ಯೆಯ ದ್ವಿಮಾನ (0 ಮತ್ತು 1 ಮಾತ್ರ ಬಳಸುವ) ನಿರೂಪಣೆ 1101. ಸಂಖ್ಯೆ ಅದೇ, ಬರೆಯುವ ಬಗೆ ಬೇರೆ. ಈ ವ್ಯತ್ಯಾಸ ಮರೆತರೆ ಆಗುವ ಎಡವಟ್ಟಿಗೆ ಪ್ರಸಿದ್ಧ ಉದಾಹರಣೆ: ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಕೂಡುವ ಲೆಕ್ಕ ಕೆಟ್ಟಿಲ್ಲ. 0.1 ಎಂಬುದು ದ್ವಿಮಾನದಲ್ಲಿ ಮುಗಿಯದ ಭಿನ್ನರಾಶಿ, ಮೂರನೇ ಒಂದು ಭಾಗ ದಶಮಾನದಲ್ಲಿ 0.333 ಎಂದು ಮುಗಿಯದೆ ಸಾಗುವ ಹಾಗೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ದೋಷ ಹುಟ್ಟುವುದು ಆ ನಿರೂಪಣೆಯಲ್ಲಿ.

ಪ್ರಶ್ನೆ: ಸಮೀಕ್ಷೆಗಳಲ್ಲಿ ಹೇಳುವ ‘ರೆಪ್ರೆಸೆಂಟೇಟಿವ್ ಸ್ಯಾಂಪಲ್’ ಎಂದರೆ ಸಾಕಷ್ಟು ದೊಡ್ಡ ಮಾದರಿ ಎಂದೇ?

ಉತ್ತರ: ಅಲ್ಲ. ಕನ್ನಡದಲ್ಲಿ ‘ಪ್ರಾತಿನಿಧಿಕ ಮಾದರಿ’. ಒಟ್ಟು ಜನರಲ್ಲಿ ಯಾವ ಯಾವ ಬಗೆಯವರು ಯಾವ ಪ್ರಮಾಣದಲ್ಲಿದ್ದಾರೋ ಮಾದರಿಯಲ್ಲೂ ಹೆಚ್ಚುಕಡಿಮೆ ಹಾಗೇ ಇರಬೇಕು. ಗಾತ್ರ ಆಮೇಲಿನ ಮಾತು. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ಅವನ್ನು ಎಣಿಸಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು! ವಿಳಾಸಗಳನ್ನು ಆರಿಸಿದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಚೀಟಿ ತುಂಬಿ ಕಳಿಸುವ ಉಮೇದು ಇದ್ದವರೂ ಉಳಿದವರಂತೆ ಇರಲಿಲ್ಲ. ಈ ಎರಡನೆಯ ತಪ್ಪು ಚೀಟಿಗಳ ಸಂಖ್ಯೆ ಎಷ್ಟು ಹೆಚ್ಚಿಸಿದರೂ ಹೋಗುವಂಥದ್ದಲ್ಲ. ಇಂದಿನ ಆನ್‌ಲೈನ್ ಸಮೀಕ್ಷೆಗಳನ್ನು ಓದುವಾಗ ಮೊದಲು ನೋಡಬೇಕಾದ್ದು ಅದನ್ನೇ.

ಸುದ್ದಿಯ ಪಕ್ಕ ಹಾಕುವ ‘ಪ್ರಾತಿನಿಧಿಕ ಚಿತ್ರ’ ಬೇರೆ ವಿಷಯ. ಅಲ್ಲಿ ‘ಇದು ಆ ಘಟನೆಯ ಚಿತ್ರವಲ್ಲ’ ಎಂದಷ್ಟೇ ಅರ್ಥ. ‘ಸಾಂದರ್ಭಿಕ ಚಿತ್ರ’ ಎಂಬ ಬಳಕೆ ನಮಗೆ ಹೆಚ್ಚು ಇಷ್ಟ.

ಪ್ರಶ್ನೆ: ಕರಾರು ಪತ್ರದಲ್ಲಿ ‘ರೆಪ್ರೆಸೆಂಟೇಷನ್ಸ್ ಅಂಡ್ ವಾರಂಟೀಸ್’ ಎಂದಿತ್ತು. ‘ಪ್ರಾತಿನಿಧ್ಯಗಳು ಮತ್ತು ಖಾತರಿಗಳು’ ಎಂದು ಬರೆದದ್ದು ಸರಿಯೇ?

ಉತ್ತರ: ತಿದ್ದಿಬಿಡಿ. ಇಲ್ಲಿ ಯಾರೂ ಯಾರ ಪ್ರತಿನಿಧಿಯೂ ಅಲ್ಲ. ಎದುರಿನವರು ಕರಾರಿಗೆ ಒಪ್ಪುವಂತೆ ಮಾಡುವ, ವಾಸ್ತವ ಸಂಗತಿಯ ಬಗೆಗಿನ ಹೇಳಿಕೆಗೆ ಕಾನೂನಿನಲ್ಲಿ ಈ ಹೆಸರು. ‘ಈ ಯಂತ್ರ ಈವರೆಗೆ 500 ಗಂಟೆ ಓಡಿದೆ’ ಎಂಬುದು ಅಂಥ ಹೇಳಿಕೆ. ‘ಒಂದು ವರ್ಷದೊಳಗೆ ಕೆಟ್ಟರೆ ರಿಪೇರಿ ಮಾಡಿಕೊಡುತ್ತೇವೆ’ ಎಂಬುದು ಖಾತರಿ. ‘ಹೇಳಿಕೆಗಳು ಮತ್ತು ಖಾತರಿಗಳು’ ಎನ್ನಿ.

ಇದೇ ಜಾಡಿನ ‘ಮಿಸ್‌ರೆಪ್ರೆಸೆಂಟೇಷನ್’ ಅನ್ನು ‘ಸುಳ್ಳು ಹೇಳಿಕೆ’ ಎನ್ನಬೇಡಿ. ‘ತಪ್ಪು ನಿರೂಪಣೆ’ ಇರಲಿ. ಹೇಳಿದವರು ತಾವು ಹೇಳಿದ್ದು ನಿಜವೆಂದೇ ನಂಬಿರಬಹುದು, ಆಗಲೂ ಅದು ತಪ್ಪು ನಿರೂಪಣೆಯೇ. ‘ಸುಳ್ಳು’ ಎಂದ ಕೂಡಲೇ ಮೋಸದ ಆರೋಪ ಹೊರಿಸಿದಂತಾಗುತ್ತದೆ. ಇನ್ನು ಸರ್ಕಾರಕ್ಕೋ ಮೇಲಧಿಕಾರಿಗೋ ಕೊಡುವ ‘ರೆಪ್ರೆಸೆಂಟೇಷನ್’ ಆದರೆ ಅದು ‘ಮನವಿ’ ಅಥವಾ ‘ಅಹವಾಲು’.

ಪ್ರಶ್ನೆ: ‘ರೆ’ ಆದ ಮೇಲೆ ಅಡ್ಡಗೆರೆ ಹಾಕಿ ಬರೆದದ್ದನ್ನು ನೋಡಿದ್ದೇನೆ. ಅಚ್ಚಿನ ತಪ್ಪೇ?

ಉತ್ತರ: ತಪ್ಪಲ್ಲ, ಅದು ಬೇರೆಯೇ ಪದ. ಮತ್ತೊಮ್ಮೆ ಸಲ್ಲಿಸು ಎಂದು ಅರ್ಥ, ಉಚ್ಚಾರ ‘ರೀಪ್ರೆಸೆಂಟ್’. ಹಣವಿಲ್ಲದೆ ವಾಪಸಾದ ಚೆಕ್ಕನ್ನು ಬ್ಯಾಂಕಿಗೆ ಪುನಃ ಹಾಕುವುದಕ್ಕೆ ಇದನ್ನು ಬಳಸುತ್ತಾರೆ. ಅಡ್ಡಗೆರೆ ಬಿಟ್ಟುಹೋದರೆ ಅನುವಾದದಲ್ಲಿ ಚೆಕ್ಕು ಬ್ಯಾಂಕಿನಲ್ಲಿ ಯಾರನ್ನೋ ಪ್ರತಿನಿಧಿಸತೊಡಗುತ್ತದೆ.