ಮೂಗು ದೊಡ್ಡದಾಯಿತು, ಮಾವ ಎಲ್ಲಿ?

ಓದುಗರೊಬ್ಬರ ಪತ್ರ: ‘ಪೆನ್ಸಿಲ್‌ನಲ್ಲಿ ಭಾವಚಿತ್ರ ಬರೆದರೆ ಹೋಲಿಕೆ ಚೆನ್ನಾಗಿಯೇ ಬರುತ್ತದೆ. ಕ್ಯಾರಿಕೇಚರ್‌ಗೆ, ಅಂದರೆ ಮುಖದ ಲಕ್ಷಣವನ್ನು ಹಿಗ್ಗಿಸಿ ಬರೆಯುವ ವ್ಯಂಗ್ಯ ಭಾವಚಿತ್ರಕ್ಕೆ, ಕೈ ಹಾಕಿದರೆ ಯಾರೂ ಗುರುತು ಹಿಡಿಯುವುದಿಲ್ಲ. ನಮ್ಮ ಸೋದರಮಾವನದನ್ನು ಬರೆದು ತೋರಿಸಿದೆ. ಮನೆಯವರೆಲ್ಲ “ಯಾರಿದು?” ಎಂದರು, ಮಾವ ಮುಖ ಊದಿಸಿಕೊಂಡರು. ಎಲ್ಲಿ ಎಡವಿದೆ? ಫೋಟೊ, ಚಿತ್ರ ಎರಡನ್ನೂ ಕಳುಹಿಸಿದ್ದೇನೆ.’

ಸಂಪಾದಕರ ಉತ್ತರ:

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನಿಮ್ಮ ಕೈ ಪಳಗಿದೆ. ಕಿವಿಯ ಮಡಿಕೆಗಳನ್ನು ಇಷ್ಟು ಸಲೀಸಾಗಿ ಬರೆಯುವವರು ಕಡಿಮೆ. ಎಡವಿರುವುದು ಕಣ್ಣು. ಕ್ಯಾರಿಕೇಚರ್ ಎಂದೊಡನೆ ಮೂಗು ಹಿಗ್ಗಿಸಬೇಕೆಂದು ಹೊರಟುಬಿಟ್ಟಿದ್ದೀರಿ. ಆದರೆ ನಿಮ್ಮ ಮಾವನ ಮೂಗು ಹತ್ತರ ಜೊತೆ ಹನ್ನೊಂದನೆಯದು.

ಫೋಟೊದಲ್ಲಿ ಆ ಮೂಗನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಮಾವ ಮಾವನೇ. ಈಗ ಬೆರಳನ್ನು ತುಸು ಕೆಳಗಿಳಿಸಿ, ಮೂಗಿಗೂ ಮೇಲ್ದುಟಿಗೂ ನಡುವಿನ ಜಾಗ ಮುಚ್ಚಿ. ಯಾರೋ ಬೇರೆಯವರಾಗಿಬಿಟ್ಟರಲ್ಲವೇ? ಆ ಜಾಗ ಅವರಿಗೆ ಉಳಿದವರಿಗಿಂತ ಉದ್ದ. ಮೀಸೆಯೂ ಇಲ್ಲದೆ ಬೋಳಾಗಿದೆ. ಅದರಿಂದಾಗಿ ಬಾಯಿ ಗದ್ದದ ಕಡೆಗೆ ಜಾರಿ ಕೂತಿದೆ. ಮೇಲೆ ಕಣ್ಣುಗಳೆರಡೂ ಒಂದಕ್ಕೊಂದು ಒತ್ತಿಕೊಂಡಿವೆ. ನೀವು ಹಿಗ್ಗಿಸಿದ ಮೂಗಿನ ತುದಿ ಕೆಳಗಿಳಿದು ಆ ಉದ್ದದ ಜಾಗವನ್ನೇ ನುಂಗಿಹಾಕಿತು. ಮತ್ತೆ ಗುರುತು ಸಿಗುವುದಾದರೂ ಹೇಗೆ?

ಹೊಸಬರು ಕಣ್ಣು, ಮೂಗು, ಬಾಯಿಗಳನ್ನು ನೋಡುತ್ತಾರೆ. ಅವುಗಳ ನಡುವಿನ ಅಂತರ ಅಳೆಯುವುದಿಲ್ಲ. ಗಿಲಿಯನ್ ರೋಡ್ಸ್, ಸೂಸನ್ ಬ್ರೆನನ್, ಸೂಸನ್ ಕ್ಯಾರಿ 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪರಿಚಿತರ ರೇಖಾಚಿತ್ರಗಳನ್ನು ಕಂಪ್ಯೂಟರ್‌ಗೆ ಕೊಟ್ಟು, ಪ್ರತಿ ಮುಖವೂ ಸರಾಸರಿ ಮುಖಕ್ಕಿಂತ ಎಲ್ಲೆಲ್ಲಿ ಬೇರೆಯೋ ಅದನ್ನಷ್ಟೇ ಹಿಗ್ಗಿಸಿದರು. ಯಥಾವತ್ತಾದ ರೇಖಾಚಿತ್ರಕ್ಕಿಂತ ಹೀಗೆ ಹಿಗ್ಗಿಸಿದ್ದನ್ನೇ ಜನ ಬೇಗ ಗುರುತಿಸಿದರು. ಅಂದರೆ ಮೊದಲು ಹುಡುಕಬೇಕಾದ್ದು ಈ ಮುಖ ನಾಲ್ಕು ಜನರ ಮುಖದಿಂದ ಎಲ್ಲಿ ದಾರಿ ಬಿಟ್ಟಿದೆ ಎಂಬುದನ್ನು. ಕೆಲವರದು ದಾರಿ ಬಿಡುವುದೇ ಇಲ್ಲ. ಅಂಥವರನ್ನು ಬರೆಯುವುದು ನಿಜಕ್ಕೂ ತಲೆನೋವು.

ಸಿಕ್ಕಿದ ಮೇಲೆ ಅದೊಂದಕ್ಕೇ ಧಾರಾಳವಾಗಿ ಜಾಗ ಕೊಡಿ, ಉಳಿದವನ್ನು ಕುಗ್ಗಿಸಿ. ಮಾವನ ಮೇಲ್ದುಟಿಯ ಜಾಗ ಬೆಳೆಯಬೇಕಾದರೆ ಹಣೆ, ಗದ್ದ ಎರಡೂ ಸೋಲಬೇಕು. ಎಲ್ಲವನ್ನೂ ಹಿಗ್ಗಿಸಿದರೆ ತಲೆ ದೊಡ್ಡದಾಗುತ್ತದೆ, ಅಷ್ಟೇ. ಗೆರೆಗಳೂ ಕಡಿಮೆಯಾಗಲಿ. ನಿಮ್ಮ ಚಿತ್ರದ ಆ ನೆರಳು, ಆ ಕೂದಲಿನ ಎಳೆಗಳು ಕ್ಯಾರಿಕೇಚರ್‌ಗೆ ಹೊರೆ. ಇಟಲಿಯ ಶಿಲ್ಪಿ ಬರ್ನಿನಿ 1632ರಲ್ಲಿ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು) ಸಿಪಿಯೋನೆ ಬೋರ್ಗೇಸೆಯ ಅಮೃತಶಿಲೆಯ ಎದೆಮಟ್ಟದ ಪ್ರತಿಮೆ ಕಡೆದಾಗ ಅರೆ ಬಿಚ್ಚಿದ ಗುಂಡಿಯನ್ನೂ ಬಿಡಲಿಲ್ಲ. ಅದೇ ಕಾರ್ಡಿನಲ್ಲನ ಕ್ಯಾರಿಕೇಚರ್ ಬರೆಯಲು ಅದೇ ಮನುಷ್ಯನಿಗೆ ಪೆನ್ನಿನ ಕೆಲವೇ ಗೆರೆ ಸಾಕಾದವು.

ಇನ್ನು ಮಾವನ ಮುನಿಸು. ನನಗೆ ಅದು ನ್ಯಾಯವೆನಿಸಿತು. ತನ್ನದಲ್ಲದ ಮೂಗನ್ನು ತಂದು ಅಂಟಿಸಿದರೆ ಯಾರು ಸುಮ್ಮನಿರುತ್ತಾರೆ? ಸರಿಯಾಗಿ ಬರೆದಿದ್ದರೆ ನಗುತ್ತಿದ್ದರು ಎಂದೂ ಹೇಳಲಾರೆ. 1831ರಲ್ಲಿ ಪ್ಯಾರಿಸ್‌ನ ಪತ್ರಿಕಾ ಸಂಪಾದಕ ಷಾರ್ಲ್ ಫಿಲಿಪೋನ್, ದೊರೆ ಲೂಯಿ ಫಿಲಿಪ್‌ನನ್ನು ಅವಮಾನಿಸಿದ ಆರೋಪ ಎದುರಿಸುತ್ತಾ, ದೊರೆಯ ಮುಖ ನಾಲ್ಕೇ ಹಂತಗಳಲ್ಲಿ ಪೇರ್ ಹಣ್ಣಾಗುವುದನ್ನು ನ್ಯಾಯಾಲಯದಲ್ಲೇ ಬರೆದು ತೋರಿಸಿದ. ಶಿಕ್ಷೆಯೇನೂ ತಪ್ಪಲಿಲ್ಲ, ಹಣ್ಣು ಮಾತ್ರ ಊರೆಲ್ಲ ಹಬ್ಬಿತು. ಅಧಿಕಾರದಲ್ಲಿರುವವನನ್ನು ಕೇಳದೆ ಬರೆಯುವುದು ನಮ್ಮ ವೃತ್ತಿ. ಮನೆಯ ಹಿರಿಯರ ಮಾತು ಬೇರೆ, ಅವರನ್ನು ಕೇಳಿಯೇ ಬರೆಯಿರಿ. ಗಾಯದ ಕಲೆ, ಕಾಯಿಲೆಯಿಂದಾದ ಊತ ಇಂಥವನ್ನು ಅವರೇ ಒಪ್ಪಿದರೂ ಮುಟ್ಟಬೇಡಿ.

ಈ ಚಿತ್ರವನ್ನು ನಾವು ಪ್ರಕಟಿಸುತ್ತಿಲ್ಲ. ಮಾವನನ್ನು ಪಕ್ಕದಿಂದಲೂ ಒಮ್ಮೆ ನೋಡಿ, ಫೋಟೊ ಬದಿಗಿಟ್ಟು ನೆನಪಿನಿಂದ ಇನ್ನೊಂದು ಬರೆಯಿರಿ. ಮನೆಯವರು ಗುರುತು ಹಿಡಿದು, ಮಾವನೂ ಒಪ್ಪಿದರೆ ಕಳುಹಿಸಿ.